ಬಿಡುವಿನ ಗಣಕಗಳ ದಾನ

ಕನ್ನಡ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳ ಪರಿಚಯವಿದ್ದೇ ಇರುವುದು. ತಾನು ಕೊಟ್ಟುದಾಗಲಿ, ಪರರು ಕೊಟ್ಟುದಾಗಲಿ, ದತ್ತಿಯನ್ನು ಹಿಂದೆಗೆದುಕೊಂಡವನಿಗೆ ಘೋರವಾದ ದುರ್ಗತಿಯೆಂದು ಅವು ಸಾರುವುವು. ಆದರೆ ನಮ್ಮ ಕಾಲದಲ್ಲಿ ಹುಟ್ಟಿಕೊಂಡ ಒಂದು ದಾನದ ಧರ್ಮವು ಇದಕ್ಕೆ ತೀರ ಬೇರೆಯಾದುದು. ಕೊಟ್ಟವನು ಯಾವ ಗಳಿಗೆಯಲ್ಲಿಯಾದರೂ ಅದನ್ನು ನಿಲ್ಲಿಸಬಹುದು. ನಿಲ್ಲಿಸುವ ಸ್ವಾತಂತ್ರ್ಯವು ಅವನಿಗಿಲ್ಲವಾದರೆ ಅದು ದಾನವೇ ಅಲ್ಲ. ಮನೆಯ ಗಣಕಯಂತ್ರವು ಬಿಡುವಾಗಿರುವಾಗ ಅದರ ಲೆಕ್ಕಮಾಡುವ ಶಕ್ತಿಯನ್ನು ದೂರದ ವಿಜ್ಞಾನಿಗಳ ಕೆಲಸಕ್ಕೆ ಒಪ್ಪಿಸುವುದೇ ಆ ದಾನ. ಅದರ ಇತಿಹಾಸವನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ದೊಡ್ಡ ಲೆಕ್ಕವೊಂದನ್ನು ಬಿಡಿಬಿಡಿಯಾಗಿ ಒಡೆದು ಹಲವರಿಗೆ ಹಂಚುವ ಪದ್ಧತಿಯು ಈ ಯಂತ್ರಗಳಿಗಿಂತ ಬಹಳ ಹಳೆಯದು. ೧೭೫೭-೫೮ರಲ್ಲಿ ಫ್ರಾನ್ಸಿನ ಕ್ಲೆರೋ ಎಂಬ ಗಣಿತಜ್ಞನು ಹ್ಯಾಲಿಯ ಧೂಮಕೇತುವಿನ ಪುನರಾಗಮನವನ್ನು ಲೆಕ್ಕಹಾಕಲು ಹೊರಟಾಗ, ಗುರು ಶನಿ ಗ್ರಹಗಳ ಆಕರ್ಷಣೆಯನ್ನು ಹೆಜ್ಜೆಹೆಜ್ಜೆಗೂ ಗಣನೆಗೆ ತರಬೇಕಾಯಿತು. ಒಬ್ಬನ ಕೈಯಿಂದ ಆಗದ ಈ ಕಾರ್ಯಕ್ಕೆ ಜ್ಯೋತಿರ್ವಿದನಾದ ಲಲಾಂದನೂ ವಿದುಷಿಯಾದ ನಿಕೋಲ್-ರೇನ್ ಲೆಪೋತಳೂ ತಿಂಗಳುಗಟ್ಟಲೆ ಕುಳಿತು ನೆರವಾದರು. ಧೂಮಕೇತುವು ೧೭೫೯ರ ಏಪ್ರಿಲಿನ ನಡುವೆ ಸೂರ್ಯನಿಗೆ ಅತಿ ಸಮೀಪವಾಗುವುದೆಂದು ಅವರ ಲೆಕ್ಕವು ಹೇಳಿತು. ಆದುದು ಮಾರ್ಚಿ ೧೩ರಂದು. ಎಪ್ಪತ್ತಾರು ವರ್ಷಗಳ ಪ್ರಯಾಣದಲ್ಲಿ ಒಂದು ತಿಂಗಳ ವ್ಯತ್ಯಾಸವು ದೊಡ್ಡದೇನಲ್ಲ. ೧೯೨೨ರಲ್ಲಿ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ನನು ಹವೆಯ ಮುನ್ಸೂಚನೆಯನ್ನು ಕುರಿತ ತನ್ನ ಗ್ರಂಥದಲ್ಲಿ, ೬೪,೦೦೦ ಮಂದಿ ಲೆಕ್ಕಿಗರು ಒಂದೇ ಮಹಾಭವನದಲ್ಲಿ ಕುಳಿತು ಭೂಮಂಡಲದ ಹವೆಯನ್ನು ಗುಣಿಸುವ ಚಿತ್ರವನ್ನು ಕಲ್ಪಿಸಿದನು. ‘ಕಂಪ್ಯೂಟರ್’ ಎಂಬ ಆಂಗ್ಲ ಶಬ್ದವು ಆಗ ಸಲ್ಲುತ್ತಿದ್ದುದು ಯಂತ್ರಕ್ಕಲ್ಲ, ಲೆಕ್ಕಮಾಡುವ ಮನುಷ್ಯನಿಗೆ.

ಮನುಷ್ಯರ ಸ್ಥಾನಕ್ಕೆ ಯಂತ್ರಗಳು ಬಂದ ಮೇಲೆ ಒಂದು ಹೊಸ ಸಂಗತಿ ಗೋಚರವಾಯಿತು. ಯಂತ್ರವು ದಿನದ ಬಹುಭಾಗ ಸುಮ್ಮನಿರುವುದು. ಅಮೆರಿಕದ ಪಾಲೋ ಆಲ್ಟೋ ಎಂಬಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಕೇಂದ್ರದಲ್ಲಿ ಜಾನ್ ಶಾಕ್, ಜಾನ್ ಹಪ್ ಎಂಬಿಬ್ಬರು, ರಾತ್ರಿಯ ಹೊತ್ತು ಬಿಡುವಾಗಿರುವ ಯಂತ್ರಗಳನ್ನು ತಾನೇ ಹುಡುಕಿಕೊಂಡು ಹೋಗಿ ಅವುಗಳಲ್ಲಿ ನೆಲಸುವ ಒಂದು ತಂತ್ರಾಂಶವನ್ನು ರಚಿಸಿದರು. ತುಂಡುತುಂಡಾಗಿ ಹರಡಿಕೊಳ್ಳುತ್ತಿದ್ದ ಅದಕ್ಕೆ ‘ಹುಳು’ ಎಂದು ಹೆಸರಾಯಿತು. ಒಂದು ರಾತ್ರಿ ಚಿಕ್ಕದೊಂದು ಹುಳುವನ್ನು ಬಿಟ್ಟು ಹೋದವರು ಬೆಳಗ್ಗೆ ಬಂದು ನೋಡಿದರೆ, ಕಟ್ಟಡದ ಅನೇಕ ಯಂತ್ರಗಳು ಕೆಟ್ಟು ನಿಂತಿದ್ದುವು. ಮತ್ತೆ ಚಾಲನೆ ಕೊಟ್ಟರೆ ಹುಳು ಮತ್ತೆ ಬಂದು ಸೇರಿ ಅವನ್ನು ಕೆಡಿಸುವುದು. ಅದೃಷ್ಟವಶಾತ್ ಎಲ್ಲ ತುಂಡುಗಳನ್ನೂ ಒಮ್ಮೆಗೇ ನಿಲ್ಲಿಸುವ ಒಂದು ಸಂಕೇತವನ್ನು ಅವರು ಮೊದಲೇ ಸಿದ್ಧಪಡಿಸಿಟ್ಟಿದ್ದರು. ಈ ವೃತ್ತಾಂತವನ್ನು ಅವರೇ ೧೯೮೨ರಲ್ಲಿ ಬರೆದು ಪ್ರಕಟಿಸಿದರು. ಒಳಕ್ಕೆ ಕರೆದುಕೊಳ್ಳುವುದಕ್ಕಿಂತ ಹೊರಕ್ಕೆ ಕಳುಹಿಸುವುದು ಕಠಿಣವೆಂಬ ಪಾಠವು ಹೀಗೆ ಈ ವಿದ್ಯೆಯ ಬಾಲ್ಯದಲ್ಲಿಯೇ ದೊರಕಿತು.

ಅಂತರ್ಜಾಲವು ಹರಡಿದಂತೆಲ್ಲ ಒಂದೇ ಕಟ್ಟಡದ ಪ್ರಯೋಗವು ಜಗತ್ತಿಗೆ ವ್ಯಾಪಿಸಿತು. ೧೯೭೭ರಲ್ಲಿ ಒಂದು ಪತ್ರಿಕೆಯಲ್ಲಿ ಸವಾಲಾಗಿ ಪ್ರಕಟವಾಗಿದ್ದ ೧೨೯ ಅಂಕಗಳ ಸಂಖ್ಯೆಯೊಂದನ್ನು, ಸುಮಾರು ೬೦೦ ಮಂದಿ ಸ್ವಯಂಸೇವಕರು ತಮ್ಮ ಯಂತ್ರಗಳನ್ನು ಕೂಡಿಸಿ ೧೯೯೪ರಲ್ಲಿ ಅದರ ಅಪವರ್ತನಗಳಾಗಿ ಬಿಡಿಸಿದರು. ೧೯೯೬ರಲ್ಲಿ ಜಾರ್ಜ್ ವೋಲ್ಟ್‌ಮನ್ನನು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಶೋಧಕ್ಕೆ ಒಂದು ಕೂಟವನ್ನು ಕಟ್ಟಿದನು. ಆ ಕೂಟವು ೨೦೨೪ರಲ್ಲಿ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಮಿಕ್ಕ ಅಂಕಗಳುಳ್ಳ ಅವಿಭಾಜ್ಯವನ್ನು ಕಂಡುಹಿಡಿಯಿತು.

ಆದರೆ ಈ ದಾನವನ್ನು ಸಾಮಾನ್ಯ ಗೃಹಸ್ಥರ ಮನೆಬಾಗಿಲಿಗೆ ತಂದುದು ‘ಸೆಟಿ ಅಟ್ ಹೋಮ್’ ಎಂಬ ಯೋಜನೆ. ಪೋರ್ಟೋ ರಿಕೋ ದ್ವೀಪದ ಅರೆಸಿಬೋ ಎಂಬಲ್ಲಿ ಬೆಟ್ಟಗಳ ನಡುವಣ ಬೋಗುಣಿಯಂಥ ಹಳ್ಳದಲ್ಲಿ ೩೦೫ ಮೀಟರು ಅಡ್ಡಳತೆಯ ರೇಡಿಯೋ ದೂರದರ್ಶಕವೊಂದಿದ್ದಿತು. ಅನ್ಯ ಲೋಕಗಳಲ್ಲಿ ಬುದ್ಧಿಜೀವಿಗಳಿದ್ದು ಅವರು ಕಳುಹಿಸಿದ ಸಂಕೇತವೇನಾದರೂ ಆಕಾಶದ ಗದ್ದಲದಲ್ಲಿ ಅಡಗಿರಬಹುದೇ ಎಂದು ಹುಡುಕಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯ ಡೇವಿಡ್ ಆಂಡರ್‌ಸನ್, ಡ್ಯಾನ್ ವರ್ತೈಮರ್ ಮೊದಲಾದವರು ಉಜ್ಜುಗಿಸಿದರು. ದೂರದರ್ಶಕವು ಕೇಳಿದುದನ್ನು ಟೇಪುಗಳಲ್ಲಿ ತುಂಬಿ ಬರ್ಕ್ಲಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಅಲ್ಲಿ ಅದನ್ನು ಸುಮಾರು ೧೦೭ ಸೆಕೆಂಡುಗಳ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರನ್ನು ಒಂದೊಂದು ಮನೆಗೆ ಅಂತರ್ಜಾಲದ ಮೂಲಕ ಹಂಚುವರು. ಮನೆಯವರು ಕೆಲಸ ನಿಲ್ಲಿಸಿ ಎದ್ದುಹೋದೊಡನೆ ಪರದೆಯ ಮೇಲೆ ಬಣ್ಣಬಣ್ಣದ ಶಿಖರಗಳ ನಕ್ಷೆಯು ಮೂಡುವುದು. ಒಳಗೆ ಲೆಕ್ಕವು ಸಾಗುವುದು. ಮುಗಿದ ಉತ್ತರವು ಬರ್ಕ್ಲಿಗೆ ಮರಳುವುದು.

ಈ ಕಾರ್ಯವು ೧೯೯೯ನೆಯ ಮೇ ೧೭ರಂದು ಆರಂಭವಾಯಿತು. ಲಕ್ಷ ಮಂದಿ ಸೇರಿದರೆ ಸಾಕೆಂದುಕೊಂಡಿದ್ದವರಿಗೆ ಕೆಲವೇ ತಿಂಗಳಲ್ಲಿ ಹತ್ತು ಲಕ್ಷ ಮಂದಿ ದೊರಕಿದರು. ಕಡೆಗೆ ಆ ಸಂಖ್ಯೆಯು ಐವತ್ತು ಲಕ್ಷವನ್ನು ಮೀರಿತು. ಅಳಿಲ ಸೇವೆಯೆಂದು ನಮ್ಮವರು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ಆದರೆ ಅಳಿಲುಗಳಲ್ಲಿಯೂ ಕಳ್ಳ ಅಳಿಲುಗಳುಂಟು. ಯಾರು ಹೆಚ್ಚು ಚೂರುಗಳನ್ನು ಮುಗಿಸಿದರೆಂಬ ಪಟ್ಟಿಯು ಪ್ರಕಟವಾಗುತ್ತಿದ್ದುದರಿಂದ, ಲೆಕ್ಕಮಾಡದೆಯೇ ಉತ್ತರ ಕಳುಹಿಸಿ ಮೇಲೇರಲು ಯತ್ನಿಸಿದವರೂ ಇದ್ದರು. ಆದುದರಿಂದ ಒಂದೇ ಚೂರನ್ನು ಎರಡು ಮೂರು ಮನೆಗಳಿಗೆ ಕಳುಹಿಸಿ, ಉತ್ತರಗಳು ಹೊಂದಿದರೆ ಮಾತ್ರ ಸ್ವೀಕರಿಸುವ ಪದ್ಧತಿಯು ಬಂದಿತು.

ಇದಕ್ಕಿಂತ ಗಂಭೀರವಾದ ಪ್ರಶ್ನೆಯು ಬೇರೊಂದು ಕಡೆಯಿಂದ ಎದ್ದಿತು. ಯಂತ್ರವು ಯಾರದು, ದಾನಿ ಯಾರು? ಅಮೆರಿಕದ ಜಾರ್ಜಿಯಾ ಸಂಸ್ಥಾನದ ಒಂದು ವಿದ್ಯಾಲಯದಲ್ಲಿ ಗಣಕಗಳ ಮೇಲ್ವಿಚಾರಕನಾಗಿದ್ದವನೊಬ್ಬನು, ಗೂಢಲಿಪಿಯೊಂದನ್ನು ಬಿಡಿಸುವ ಇಂಥದೇ ಒಂದು ತಂತ್ರಾಂಶವನ್ನು ವಿದ್ಯಾಲಯದ ಯಂತ್ರಗಳಲ್ಲಿ ಅನುಮತಿಯಿಲ್ಲದೆ ಸ್ಥಾಪಿಸಿದನು. ೨೦೦೧ರಲ್ಲಿ ಅವನ ಮೇಲೆ ಕ್ರಿಮಿನಲ್ ಮೊಕದ್ದಮೆಯಾಗಿ, ನಾಲ್ಕು ಲಕ್ಷ ಡಾಲರುಗಳಿಗೂ ಮಿಕ್ಕ ನಷ್ಟದ ಮಾತು ಬಂದಿತು. ೨೦೦೨ರ ಜನವರಿಯಲ್ಲಿ ೨,೧೦೦ ಡಾಲರು ಹಣ, ೮೦ ಗಂಟೆಗಳ ಸಮಾಜಸೇವೆ ಮತ್ತು ಒಂದು ವರ್ಷದ ಸನ್ನಡತೆಯ ಷರತ್ತಿನೊಡನೆ ಅದು ರಾಜಿಯಲ್ಲಿ ಮುಗಿಯಿತು. ಮೊದಲಿನ ಬೆದರಿಕೆಯು ಅತಿಯಾಯಿತೆಂಬುದು ನಿಜ. ಆದರೂ ಪರರ ಕಣಜದಿಂದ ಮಾಡಿದ ಧರ್ಮವು ಮಾಡಿದವನಿಗೆ ಸಲ್ಲದೆಂಬುದನ್ನು ಅಲ್ಲಗಳೆಯಲಾಗದು.

೨೦೦೨ರಿಂದ ಆಂಡರ್‌ಸನ್ನನು ‘ಬಾಯಿಂಕ್’ ಎಂಬ ಸಾಮಾನ್ಯ ವೇದಿಕೆಯನ್ನು ಕಟ್ಟತೊಡಗಿದನು. ೨೦೦೫ರ ಕೊನೆಗೆ ಸೆಟಿಯ ಹಳೆಯ ತಂತ್ರಾಂಶವು ನಿಂತು, ಎಲ್ಲವೂ ಈ ವೇದಿಕೆಗೆ ಬಂದಿತು. ಇದರ ಮೂಲಕ ಗೃಹಸ್ಥನು ತನ್ನ ಯಂತ್ರದ ಶಕ್ತಿಯನ್ನು ಹಲವು ಕಾರ್ಯಗಳಿಗೆ ತನ್ನ ಇಷ್ಟದಂತೆ ಪಾಲುಮಾಡಬಹುದು. ಫಲವೂ ದೊರೆಯದಿರಲಿಲ್ಲ. ೨೦೦೫ರಲ್ಲಿ ಹೊರಟ ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆಯಲ್ಲಿ, ಅಯೋವಾ ಸಂಸ್ಥಾನದ ಒಂದು ದಂಪತಿಗಳ ಯಂತ್ರವೂ ಜರ್ಮನಿಯ ಮೈನ್ಸ್ ನಗರದ ಒಬ್ಬರ ಯಂತ್ರವೂ ಸೇರಿ, ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಬಾರಿ ತಿರುಗುವ ಒಂದು ಪಲ್ಸಾರ್ ನಕ್ಷತ್ರವನ್ನು ಗುರುತಿಸಿದುವು. ಇದು ೨೦೧೦ರಲ್ಲಿ ಪ್ರಕಟವಾಯಿತು. ಬಾಯಿಂಕಿನ ಹೊರಗೆ, ೨೦೦೦ದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ವಿಜಯ ಪಾಂಡೆಯವರು ಆರಂಭಿಸಿದ ‘ಫೋಲ್ಡಿಂಗ್ ಅಟ್ ಹೋಮ್’ ಯೋಜನೆಯು ಪ್ರೋಟೀನುಗಳು ಮಡಿಕೆಗೊಳ್ಳುವ ಬಗೆಯನ್ನು ಅರಸುವುದು. ೨೦೨೦ರ ಮಹಾಮಾರಿಯ ಕಾಲದಲ್ಲಿ ಅದಕ್ಕೆ ಸೇರಿದವರ ಸಂಖ್ಯೆಯು ಉಕ್ಕೇರಿ, ಸೆಕೆಂಡಿಗೆ ಒಂದರ ಮುಂದೆ ಹದಿನೆಂಟು ಸೊನ್ನೆಗಳಷ್ಟು ಗಣನೆಗಳನ್ನು ಮಾಡುವ ಶಕ್ತಿಯು ಪ್ರಪಂಚದಲ್ಲಿ ಮೊತ್ತಮೊದಲು ಆ ಮನೆಯ ಯಂತ್ರಗಳ ಸಮೂಹಕ್ಕೆ ಬಂದಿತು.

ಇನ್ನು ದಾನಿಯ ವೆಚ್ಚದ ವಿಚಾರ. ಮೊದಲ ದಿನಗಳ ಯಂತ್ರಗಳಲ್ಲಿ ಹಲವು, ಸುಮ್ಮನಿದ್ದರೂ ದುಡಿದರೂ ಹೆಚ್ಚುಕಡಮೆ ಒಂದೇ ಸಮನಾಗಿ ವಿದ್ಯುತ್ತನ್ನು ತಿನ್ನುತ್ತಿದ್ದುವು. ಆದುದರಿಂದ ‘ವ್ಯರ್ಥವಾಗುವುದನ್ನು ಕೊಡಿರಿ’ ಎಂಬ ಮಾತು ಬಹುಮಟ್ಟಿಗೆ ಸತ್ಯವಾಗಿತ್ತು. ಈಚಿನ ಯಂತ್ರಗಳು ಹಾಗಲ್ಲ. ಬಿಡುವಿನಲ್ಲಿ ಅವು ಬಹಳ ಸ್ವಲ್ಪವನ್ನು ತೆಗೆದುಕೊಳ್ಳುವುವು, ದುಡಿಯುವಾಗ ಕಾದು ಬಿಸಿಯಾಗುವುವು. ದುಡಿಮೆಯ ದೆಸೆಯಿಂದ ೧೦೦ ವಾಟುಗಳು ಹೆಚ್ಚಿಗೆ ಬೇಕಾದುವೆಂದಿಟ್ಟುಕೊಂಡರೆ, ಹಗಲಿರುಳು ನಡೆಯುವ ಯಂತ್ರಕ್ಕೆ ದಿನಕ್ಕೆ ೨.೪ ಯೂನಿಟ್ಟು, ಮೂವತ್ತು ದಿನಗಳಿಗೆ ೭೨ ಯೂನಿಟ್ಟು ಖರ್ಚು. ಇದು ಕಣ್ಣಿಗೆ ಕಾಣದ ದಾನವಾದರೂ ಬಿಲ್ಲಿನಲ್ಲಿ ಕಾಣುವ ದಾನ. ಕೊಡಬಾರದೆಂದು ಇದರ ಅರ್ಥವಲ್ಲ. ತಿಳಿದು ಕೊಡಬೇಕೆಂದು ಅರ್ಥ. ಯಾವ ಹೊತ್ತಿನಲ್ಲಿ, ಎಷ್ಟು ಪಾಲು ಶಕ್ತಿಯಿಂದ ಕೆಲಸ ನಡೆಯಬೇಕೆಂಬುದನ್ನು ಗೊತ್ತುಪಡಿಸುವ ಸೌಕರ್ಯವು ಬಾಯಿಂಕಿನಲ್ಲಿ ಇದೆ.

ಹಿಂದೆಗೆದುಕೊಳ್ಳುವುದಕ್ಕೂ ಒಂದು ಕ್ರಮವುಂಟು. ತಂತ್ರಾಂಶವನ್ನು ಥಟ್ಟನೆ ಕಿತ್ತುಹಾಕಿದರೆ ಅರ್ಧ ಮುಗಿದ ಲೆಕ್ಕಗಳು ಅನಾಥವಾಗುವುವು; ಗಡುವು ಕಳೆಯುವವರೆಗೂ ಯೋಜನೆಯವರು ಕಾದಿದ್ದು, ಬಳಿಕ ಅವನ್ನು ಬೇರೊಂದು ಮನೆಗೆ ಕಳುಹಿಸಬೇಕಾಗುವುದು. ಆದುದರಿಂದ ಹೊಸ ಕೆಲಸ ಬೇಡವೆಂದು ಮೊದಲು ತಿಳಿಸಿ, ಕೈಯಲ್ಲಿರುವುದನ್ನು ಮುಗಿಸಿ ಒಪ್ಪಿಸಿ, ಯೋಜನೆಯಿಂದ ಬಿಡಿಸಿಕೊಂಡು, ಆಮೇಲೆ ತಂತ್ರಾಂಶವನ್ನು ತೆಗೆಯುವುದು ಸೌಜನ್ಯ. ಅಷ್ಟಾದರೂ ಅದರ ದತ್ತಾಂಶದ ಕೋಶವು ಯಂತ್ರದಲ್ಲಿ ಉಳಿದುಕೊಳ್ಳುವುದುಂಟು. ನೆಂಟರು ಹೋದಮೇಲೆ ಕೋಣೆಯನ್ನು ಗುಡಿಸುವಂತೆ ಅದನ್ನು ಕೈಯಾರ ಅಳಿಸತಕ್ಕದ್ದು. ಯಾರೂ ಒಳಹೊಗದೆ ಯಂತ್ರವನ್ನು ಬರಿದೆ ಚಾಲನೆಮಾಡಿದರೂ ನಡೆಯುವಂತೆ ಅದನ್ನು ಸ್ಥಾಪಿಸುವ ರೀತಿಯೊಂದಿರುವುದರಿಂದ, ಮನೆಯ ಒಬ್ಬರು ತೊಡಗಿಸಿದುದು ಉಳಿದವರಿಗೆ ತಿಳಿಯದೆಯೇ ವರ್ಷಗಟ್ಟಲೆ ದುಡಿಯುತ್ತಿರಬಹುದು. ಕುಟುಂಬದ ಯಂತ್ರದ ದಾನಕ್ಕೆ ಕುಟುಂಬದ ಒಪ್ಪಿಗೆ ಬೇಕೆಂಬುದು ಜಾರ್ಜಿಯಾದ ಪ್ರಕರಣದ ನೀತಿಯೇ ಸರಿ.

ಸೆಟಿ ಯೋಜನೆಯವರು ೨೦೨೦ನೆಯ ಮಾರ್ಚಿ ೩೧ರಂದು ಹೊಸ ಚೂರುಗಳನ್ನು ಹಂಚುವುದನ್ನು ತಾವಾಗಿಯೇ ನಿಲ್ಲಿಸಿದರು. ಸಂಗ್ರಹವಾದುದನ್ನು ಶೋಧಿಸುವ ಕೆಲಸವೇ ಮುಂದೆ ಉಳಿದಿದೆಯೆಂದೂ, ದಾನಿಗಳ ಶಕ್ತಿಯನ್ನು ಇನ್ನು ಸುಮ್ಮನೆ ಬೇಡಲಾಗದೆಂದೂ ಅವರ ಅಭಿಪ್ರಾಯ. ಅದೇ ವರ್ಷದ ಡಿಸೆಂಬರ್ ೧ರಂದು ಅರೆಸಿಬೋದ ದೂರದರ್ಶಕವು ಕುಸಿದುಬಿದ್ದಿತು. ಅನ್ಯಲೋಕದವರ ದನಿಯೆಂದು ಸಿದ್ಧವಾದುದು ಇಪ್ಪತ್ತೊಂದು ವರ್ಷಗಳಲ್ಲಿ ಒಂದೂ ದೊರಕಲಿಲ್ಲ. ಹಾಗೆಂದು ಆ ಶ್ರಮವು ವ್ಯರ್ಥವಾಯಿತೆನ್ನಲಾಗದು. ಒಬ್ಬರನ್ನೊಬ್ಬರು ಕಾಣದ ಐವತ್ತು ಲಕ್ಷ ಮನೆಗಳವರು, ಬಲವಂತವಿಲ್ಲದೆ, ಬೇಕಾದಾಗ ಹೊರಡುವ ಬಾಗಿಲನ್ನು ತೆರೆದಿಟ್ಟುಕೊಂಡೇ, ಒಂದು ಕೆಲಸಕ್ಕೆ ಕೈಹಾಕಬಲ್ಲರೆಂಬುದು ಅದರಿಂದ ಸಿದ್ಧವಾಯಿತು. ಬೇಡುವವರು ಬೇಡುವುದನ್ನು ನಿಲ್ಲಿಸಬಲ್ಲವರೂ ಆಗಿರುವವರೆಗೆ ಇಂಥ ದಾನಕ್ಕೆ ದಾನಿಗಳು ದೊರೆಯದೆ ಹೋಗರು.