ಮಣ್ಣೆತ್ತು ಕಲಿಸಿದ್ದು, ಕಲಿಸದ್ದು

ಅನಂತಶಯನನ ವಿಗ್ರಹಕ್ಕೆ ಹೆಸರಾದ ಹೊಳಲು ಮತ್ತು ಸುತ್ತಲಿನ ಹಡಗಲಿ ಸೀಮೆಯಲ್ಲಿ ಮಕ್ಕಳ ಮನೆಪಾಠಕ್ಕೆ ಪಂಚಾಂಗವೇ ಪಠ್ಯ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೋಡಿಗೆ ಬಣ್ಣ ಬಳಿಯುತ್ತ ದನದ ಆರೈಕೆ ಕಲಿತರು. ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತ ಯಾವ ಮಣ್ಣು ಹದಕ್ಕೆ ಬರುತ್ತದೆ, ಯಾವುದು ಬಿರಿಯುತ್ತದೆ ಎಂದು ತಿಳಿದರು. ಪಂಚಮಿಯ ಜೋಕಾಲಿ ಸರದಿ ಕಾಯಲು ಕಲಿಸಿತು. ಸೀಗಿ ಹುಣ್ಣಿಮೆಯ ಚರಗ, ಉಣ್ಣುವ ಮೊದಲು ಭೂಮಿಗೂ ಕೊಡಬೇಕೆಂದು ಹೇಳಿತು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿದ ಕಾರಣಿಕಕ್ಕೆ ಹಿರಿಯರು ಕಟ್ಟೆಯ ಮೇಲೆ ಅರ್ಥ ಹಚ್ಚುವಾಗ ಮಳೆ, ಬೆಳೆ, ರಾಜಕೀಯ ಮಕ್ಕಳ ಕಿವಿಗೂ ಬಿದ್ದವು.

ಗ್ರಾಮೀಣ ಬಾಲ್ಯದ ಚರಿತ್ರೆ ಓದುತ್ತಿರುವ ನನ್ನನ್ನು ಕಾಡುವುದು ಇದರ ಇನ್ನೊಂದು ಮಗ್ಗುಲು. ಯಾರು ಯಾವ ಬಾವಿಯ ನೀರು ಸೇದಬೇಕು, ಯಾರು ಅಂಗಳದಾಚೆ ನಿಲ್ಲಬೇಕು ಎಂಬುದನ್ನೂ ಮಕ್ಕಳು ಕಲಿತದ್ದು ಮನೆಯಲ್ಲೇ. ಆ ಪಾಠ ಅಳಿಸಲು ಹೊರಗಿನ ಕೈ ಬೇಕಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆಯನ್ನು ಹಕ್ಕಾಗಿಸಿತು.

ಮನೆಪಾಠದ ಕನಸು ಕಾಣುವ ಇಂದಿನ ಪೋಷಕರು ಮಣ್ಣೆತ್ತನ್ನು ಖಂಡಿತ ಮಾಡಿಸಲಿ. ಎಲ್ಲ ಕೇರಿಯ ಮಕ್ಕಳೂ ಒಂದೇ ಅಂಗಳದಲ್ಲಿ ಕೂತು ಆ ಮಣ್ಣು ಕಲಸಲಿ. ಪೌರನೀತಿ ಶುರುವಾಗುವುದು ಅಲ್ಲಿಂದ.