ಕಡಲ ತಡಿಯಲ್ಲಿ ಮನೋವ್ಯಾಧಿಯ ಚಿಕಿತ್ಸೆ: ಮಂಗಳೂರಿನ ಚರಿತ್ರೆಯಿಂದ

ಮೈಗೆ ಜ್ವರ ಬಂದರೆ ನೆರೆಮನೆಗೂ ತಿಳಿಸುವ ನಾವು ಮನಸ್ಸಿಗೆ ಬೇನೆ ಬಂದರೆ ಒಳಮನೆಯ ಬಾಗಿಲು ಮುಚ್ಚುತ್ತೇವೆ. ವಾಚಕರಲ್ಲಿ ಎಷ್ಟೋ ಮಂದಿ ತಮ್ಮ ಬಂಧುವರ್ಗದಲ್ಲಿಯೇ ಇದನ್ನು ಕಂಡಿರಬಹುದು. ಚೆನ್ನಾಗಿ ಓದುತ್ತಿದ್ದ ಹುಡುಗನೊಬ್ಬ ಕೋಣೆ ಸೇರಿ ತನ್ನಷ್ಟಕ್ಕೆ ಮಾತನಾಡತೊಡಗುತ್ತಾನೆ; ಬಾಣಂತಿಯೊಬ್ಬಳು ಹಸುಗೂಸನ್ನು ಮುಟ್ಟಲೊಲ್ಲೆನೆನ್ನುತ್ತಾಳೆ; ಎಪ್ಪತ್ತು ದಾಟಿದ ಹಿರಿಯರು ತಮ್ಮ ಮನೆಯ ಪಡಸಾಲೆಯಲ್ಲಿಯೇ ಕುಳಿತು ತಮ್ಮನ್ನು ಮನೆಗೆ ಕರೆದೊಯ್ಯಿರೆಂದು ಅಂಗಲಾಚುತ್ತಾರೆ. ಇವು ದೋಷಗಳಲ್ಲ, ಪೂರ್ವಕರ್ಮದ ಶಿಕ್ಷೆಯೂ ಅಲ್ಲ, ವ್ಯಾಧಿಗಳು. ಇವುಗಳಿಗೂ ಉಪಚಾರವುಂಟು ಎಂಬ ತಿಳಿವಳಿಕೆ ಒಮ್ಮೆಲೇ ಬಂದದ್ದಲ್ಲ. ಅದು ಒಂದು ಊರಿಗೆ ಯಾವ ದಾರಿಯಿಂದ, ಎಷ್ಟು ತಡವಾಗಿ ಬಂದಿತೆಂಬುದನ್ನು ಅರಿಯಲು ಮಂಗಳೂರಿನ ಚರಿತ್ರೆ ಒಳ್ಳೆಯ ನಿದರ್ಶನ.

ಇಂದು ವೆನ್‌ಲಾಕ್ ಹೆಸರಿನಿಂದ ಪ್ರಸಿದ್ಧವಾಗಿರುವ ಸರಕಾರಿ ಆಸ್ಪತ್ರೆ ಮಂಗಳೂರಿನಲ್ಲಿ ಕಂಪೆನಿ ಸರಕಾರದ ಕಾಲದಲ್ಲಿ, 1848ರಲ್ಲಿ ಆರಂಭವಾಯಿತು. ಮೂರು ದಶಕಗಳ ತರುವಾಯ, 1878ರ ಕೊನೆಯಲ್ಲಿ, ಯೇಸು ಸಭೆಯ ಪಾದ್ರಿಗಳ ಒಂದು ತಂಡ ಈ ಊರಿಗೆ ಬಂದಿತು. ಅವರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದ ಆಗಸ್ಟಸ್ ಮುಲ್ಲರ್ ಎಂಬವರೊಬ್ಬರು. ಬಂದದ್ದು ಪಾಠ ಹೇಳಲಿಕ್ಕೆ. ಆದರೆ ಹೋಮಿಯೋಪಥಿ ಔಷಧಗಳ ಪರಿಚಯವಿದ್ದುದರಿಂದ ಬಡವರಿಗೆ ಗುಳಿಗೆ ಕೊಡತೊಡಗಿದರು. ಕಂಕನಾಡಿಯ ಆಲದ ಮರದಡಿಯಲ್ಲಿ ಆರಂಭವಾಯಿತೆಂದು ಜನ ಹೇಳುವ ಆ ಧರ್ಮ ಔಷಧಾಲಯ ಸ್ಥಾಪನೆಯಾದದ್ದು 1880ರಲ್ಲಿ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನೂ, ಪ್ಲೇಗು ಹಬ್ಬಿದಾಗ 1902ರಲ್ಲಿ ಪ್ಲೇಗಿನ ಆಸ್ಪತ್ರೆಯನ್ನೂ ಅವರು ಕಟ್ಟಿದರು. 1910ರ ನವೆಂಬರ್ 1ರಂದು ಇಲ್ಲಿಯೇ ದೇಹವಿಟ್ಟರು.

ಇದರಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಕುಷ್ಠರೋಗದ ಕ್ರಿಮಿಯನ್ನು ನಾರ್ವೆಯ ಹಾನ್ಸನ್ ಎಂಬ ವೈದ್ಯ 1873ರಲ್ಲಿಯೇ ಕಂಡುಹಿಡಿದಿದ್ದನಾದರೂ, ಅದನ್ನು ಕೊಲ್ಲುವ ಮದ್ದು 1890ರಲ್ಲಿ ಯಾರ ಕೈಯಲ್ಲಿಯೂ ಇರಲಿಲ್ಲ. ಅದು ದೊರೆತದ್ದು 1940ರ ದಶಕದಲ್ಲಿ. ಅಂದರೆ ಗುಣಪಡಿಸುವ ಔಷಧ ಸಿಗುವುದಕ್ಕೆ ಅರ್ಧ ಶತಮಾನ ಮೊದಲೇ ರೋಗಿಗೆ ಸೂರು, ಅನ್ನ, ಗಾಯಕ್ಕೆ ಪಟ್ಟಿ ದೊರೆತಿದ್ದವು. ಸಮಾಜದ ಮನಸ್ಸು ಮಾತ್ರ ಮದ್ದಿಗಿಂತಲೂ ನಿಧಾನ. ಕುಷ್ಠವು ವಿವಾಹ ವಿಚ್ಛೇದನಕ್ಕೆ ಕಾರಣವೆಂಬ ವಿಧಿಯನ್ನು ನಮ್ಮ ಕಾಯಿದೆಗಳಿಂದ ತೆಗೆದುಹಾಕಿದ್ದು 2019ರಲ್ಲಿ!

ಕುಷ್ಠರೋಗಿಗೆ ಹೀಗೆ ಊರಿನಲ್ಲಿಯೇ ಒಂದು ಸೂರು ಸಿಕ್ಕಿತು. ಮನೋರೋಗಿಯ ಗತಿ ಏನಾಗಿತ್ತು? ಆಗ ದಕ್ಷಿಣ ಕನ್ನಡವು ಮದ್ರಾಸ್ ಆಧಿಪತ್ಯಕ್ಕೆ ಸೇರಿತ್ತು. ಆ ವಿಶಾಲ ಪ್ರಾಂತದಲ್ಲಿ ಸರಕಾರದ ಹುಚ್ಚಾಸ್ಪತ್ರೆಗಳು ಇದ್ದದ್ದು ಮದ್ರಾಸ್, ವಿಶಾಖಪಟ್ಟಣ ಮತ್ತು ಕಲ್ಲಿಕೋಟೆಗಳಲ್ಲಿ. ಮಂಗಳೂರಿಗೆ ಸಮೀಪದ್ದೆಂದರೆ 1872ರ ಕಲ್ಲಿಕೋಟೆಯ ಆಸ್ಪತ್ರೆ. ಅದೂ ಇನ್ನೂರು ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕೆ ಮೊದಲು, ಮೈಮೇಲೆ ಎಚ್ಚರವಿಲ್ಲದ ಮಗನನ್ನು ದೋಣಿಯಲ್ಲಿಯೋ ಗಾಡಿಯಲ್ಲಿಯೋ, ಹೊಳೆಯ ಮೇಲೆ ಹೊಳೆ ದಾಟಿಸಿ ಅಷ್ಟು ದೂರ ಒಯ್ಯಬೇಕಾಗಿದ್ದ ತಂದೆಯ ಪಾಡನ್ನು ಊಹಿಸಿಕೊಳ್ಳಿ. ಒಯ್ದರೂ ಅದು ಆಸ್ಪತ್ರೆ ಎಂಬುದಕ್ಕಿಂತ ಬಂದೀಖಾನೆಗೆ ಹತ್ತಿರವಾದ ಸ್ಥಳ. 1858ರ ಕಾಯಿದೆಯಾಗಲಿ 1912ರ ಕಾಯಿದೆಯಾಗಲಿ, ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರ ಆಜ್ಞೆಯ ಮೂಲಕವೇ ರೋಗಿಯನ್ನು ಒಳಗೆ ಸೇರಿಸುವ ಏರ್ಪಾಡು ಮಾಡಿದ್ದವು. ಇಂಥ ಸ್ಥಿತಿಯಲ್ಲಿ ಮನೆಯವರು ಬಾಗಿಲು ಮುಚ್ಚಿಕೊಂಡರೆ ಅವರನ್ನು ದೂರುವುದು ನ್ಯಾಯವಲ್ಲ.

ಹಾಗೆಂದು ಕರಾವಳಿಯ ಜನ ಕೈಕಟ್ಟಿ ಕುಳಿತಿದ್ದರೆಂದು ಭಾವಿಸಬೇಡಿ. ಈ ವಿಷಯದಲ್ಲಿ ನಮಗೆ ಒಂದು ಅಮೂಲ್ಯವಾದ ಅಧ್ಯಯನ ದೊರೆತಿದೆ. ಮಂಗಳೂರಿನಿಂದ ಉತ್ತರಕ್ಕೆ, ಈಗ ಉಡುಪಿ ಜಿಲ್ಲೆಯಲ್ಲಿರುವ ಕೋಟ ಎಂಬ ಗ್ರಾಮ, ಶಿವರಾಮ ಕಾರಂತರು ಹುಟ್ಟಿದ ಊರು, ಆ ಅಧ್ಯಯನದ ಕ್ಷೇತ್ರ. ಎಡಿನ್‌ಬರೋ ವಿಶ್ವವಿದ್ಯಾಲಯದ ಮನೋವೈದ್ಯ ಪ್ರಾಧ್ಯಾಪಕ ಮಾರಿಸ್ ಕಾರ್‌ಸ್ಟೇರ್ಸ್ ಹಾಗೂ ನಮ್ಮವರೇ ಆದ ಡಾ. ಆರ್. ಎಲ್. ಕಪೂರ್ ಅಲ್ಲಿಯ ಬ್ರಾಹ್ಮಣ, ಬಂಟ ಹಾಗೂ ಮೊಗವೀರ ಕುಟುಂಬಗಳನ್ನು ಸಂದರ್ಶಿಸಿ, 1976ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ಬಳಿಕ ಹಳೆಯ ಕೂಡುಕುಟುಂಬಗಳು ಒಡೆಯುತ್ತಿದ್ದ ಕಾಲ ಅದು. ಬದಲಾವಣೆಯ ಒತ್ತಡ ಮನಸ್ಸಿನ ಮೇಲೆ ಏನು ಮಾಡುತ್ತದೆಂಬುದು ಅವರ ಪ್ರಶ್ನೆಗಳಲ್ಲೊಂದು. ಪಾಶ್ಚಾತ್ಯರ ಪ್ರಶ್ನಾವಳಿ ಇಲ್ಲಿಗೆ ಹೊಂದಲಾರದೆಂದು, ನಮ್ಮ ಜನ ಬೇನೆಯನ್ನು ಹೇಳಿಕೊಳ್ಳುವ ರೀತಿಗೆ ತಕ್ಕ ಹೊಸ ಸಂದರ್ಶನ ಕ್ರಮವನ್ನೇ ಅವರು ರೂಪಿಸಿದರು.

ಕೋಟದಲ್ಲಿ ಅವರು ಕಂಡದ್ದು ಮೂರು ಬಗೆಯ ಉಪಚಾರಕರನ್ನು. ನಾಡಿ ಹಿಡಿದು, ಉಷ್ಣ ಶೀತಗಳ ಏರುಪೇರು ನೋಡಿ ಕಷಾಯ ಕೊಡುವ ವೈದ್ಯರು. ಗ್ರಹಗತಿ ನೋಡಿ ಯಂತ್ರ ತಾಯಿತ ಕಟ್ಟುವ ಮಂತ್ರವಾದಿಗಳು. ದೈವದ ಆವೇಶದಲ್ಲಿ ನುಡಿ ಕೊಡುವ ಪಾತ್ರಿಗಳು. ಇವರೊಡನೆ ಅಲೋಪಥಿ ಡಾಕ್ಟರರೂ ಇದ್ದರು. ಪೇಟೆಯ ವಿದ್ಯಾವಂತರು ತಿಳಿದಿದ್ದಂತೆ, ಪಾತ್ರಿಯ ಬಳಿಗೆ ಹೋದವನು ಡಾಕ್ಟರರ ಬಳಿಗೆ ಹೋಗುವುದಿಲ್ಲವೆಂಬುದು ನಿಜವಲ್ಲವೆಂದು ಕಂಡುಬಂದಿತು. ಒಂದೇ ಮನೆಯವರು ಎರಡು ಕಡೆಗೂ ಯಾವ ಗೊಂದಲವೂ ಇಲ್ಲದೆ ನಡೆಯುತ್ತಿದ್ದರು. ಪರಿಹಾರ ಬೇಕೆಂಬ ತುಡಿತ ಹೊಸತಾಗಿ ಕಲಿಸಬೇಕಾದದ್ದಾಗಿರಲಿಲ್ಲ.

ಸಿರಿ ಜಾತ್ರೆಯನ್ನು ನೋಡಿದವರಿಗೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ಕವತ್ತಾರು, ಹಿರಿಯಡಕ ಮೊದಲಾದೆಡೆ ನಡೆಯುವ ಈ ಉತ್ಸವದಲ್ಲಿ, ಮನೆಯಲ್ಲಿ ಬಾಯಿಬಿಡಲಾರದ ಸ್ತ್ರೀಯರು ಆವೇಶಗೊಂಡು ಹಾಡಿ, ಅತ್ತು, ಕುಮಾರನೆಂಬ ಪಾತ್ರಿಯ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಸುತ್ತ ನಿಂತ ಬಂಧುಗಳು ಅದನ್ನು ಕೇಳಲೇಬೇಕಾಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1970ರ ದಶಕದಿಂದ ಇದನ್ನು ಕುರಿತು ಬರೆದಿದ್ದಾರೆ. ಸೊಸೆಯ ದುಃಖವನ್ನು ನಾಲ್ಕು ಜನ ಕೇಳುವ ಅವಕಾಶ ಸಣ್ಣದೇನೂ ಅಲ್ಲ. ಇದನ್ನು ಮೌಢ್ಯವೆಂದು ಹಳಿಯುವವರೊಡನೆ ನಾನಿಲ್ಲ. ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ದುಃಖ ಬೇರೆ, ಮೂರ್ಛೆರೋಗ ಬೇರೆ. ಫಿನೊಬಾರ್ಬಿಟೋನ್ ಎಂಬ ಅಗ್ಗದ ಗುಳಿಗೆಯಿಂದ ಮೂರ್ಛೆಯನ್ನು ತಡೆಯಬಹುದೆಂಬುದು 1912ರಿಂದಲೇ ಗೊತ್ತಿದೆ. ಹದಿಹರೆಯ ಕಳೆಯುವ ಹೊತ್ತಿಗೆ ತಲೆದೋರುವ ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಾರದಲ್ಲಿಯೂ ಔಷಧ ತಡವಾದಷ್ಟು ಚೇತರಿಕೆ ಕಷ್ಟವಾಗುತ್ತದೆ. ಹರಕೆ ಹೊತ್ತು ಕಾಯುವ ವರ್ಷಗಳನ್ನು ಕಳೆದುಕೊಳ್ಳುವವನು ಆ ಹುಡುಗ.

ಔಷಧದ ಕಥೆಯಲ್ಲಿಯೂ ನಮ್ಮ ನೆಲದ ಪಾಲುಂಟು. ಸರ್ಪಗಂಧದ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ತಗ್ಗಿಸುತ್ತದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಅದರ ಸಾರವಾದ ರಿಸರ್ಪೀನನ್ನು ಸ್ವಿಟ್ಜರ್‌ಲೆಂಡಿನಲ್ಲಿ ಬೇರ್ಪಡಿಸಿದ್ದು 1952ರಲ್ಲಿ. ಅದೇ ವರ್ಷ ಫ್ರಾನ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಮದ್ದನ್ನು ಮನೋರೋಗಿಗಳಿಗೆ ಕೊಟ್ಟರು. ರಿಸರ್ಪೀನಿನಿಂದ ಕೆಲವರಿಗೆ ಖಿನ್ನತೆ ಉಂಟಾಗುತ್ತಿದ್ದುದರಿಂದ ಅದು ಹಿಂದೆ ಸರಿಯಿತು, ಎರಡನೆಯದು ಉಳಿಯಿತು. ಸರಪಳಿಯ ಅಗತ್ಯವಿದೆಯೆಂಬ ವಾದಕ್ಕೆ ಅಲ್ಲಿಂದಾಚೆ ಆಧಾರವೇ ಇಲ್ಲದಾಯಿತು.

ಇದೇ ಹೊತ್ತಿನಲ್ಲಿ ಮಂಗಳೂರಿನ ಸ್ಥಿತಿಯೂ ಬದಲಾಯಿತು. 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಅದರ ವಿದ್ಯಾರ್ಥಿಗಳ ರೋಗಿಶಯ್ಯೆಯ ಪಾಠಕ್ಕೆ ವೆನ್‌ಲಾಕ್ ಆಸ್ಪತ್ರೆ ದೊರೆಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದ ಮೇಲೆ ರೋಗಿಗಳ ಮುಖ ಬೆಂಗಳೂರಿನ ಕಡೆಗೂ ತಿರುಗುವುದು ಸಹಜವಾಯಿತು. ಅಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರು ಬೆಳೆಸಿದ ಮಾನಸಿಕ ಆಸ್ಪತ್ರೆಯೊಡನೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿತ್ತು. 1974ರಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆಯಿತು. ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯದ ಸಮಾಜಕಾರ್ಯ ವಿದ್ಯಾಲಯ ಆರಂಭವಾಯಿತು. ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಯ ಬೆನ್ನಹಿಂದೆ ಹೋಗಿ, ಅವನ ಕೆಲಸ, ಮದುವೆ, ಅಣ್ಣತಮ್ಮಂದಿರ ಮನಸ್ತಾಪಗಳನ್ನು ವಿಚಾರಿಸುವುದೂ ಚಿಕಿತ್ಸೆಯ ಅಂಗವೆಂಬುದನ್ನು ಸಮಾಜಕಾರ್ಯದ ಶಿಕ್ಷಣ ಕಲಿಸಿತು.

ಮನೆಯವರನ್ನು ದೂರವಿಡುವುದು ಪಶ್ಚಿಮದ ಆಸ್ಪತ್ರೆಗಳ ಪದ್ಧತಿಯಾಗಿತ್ತು. ನಮ್ಮಲ್ಲಿ ಅಮೃತಸರದ ಡಾ. ವಿದ್ಯಾಸಾಗರರು 1950ರ ದಶಕದಲ್ಲಿ ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಗಳೊಡನೆ ಬಂಧುಗಳನ್ನೂ ಇರಿಸಿಕೊಂಡರು. ವೆಲ್ಲೂರಿನಲ್ಲಿಯೂ ಹಾಗೆಯೇ ನಡೆಯಿತು. ರೋಗಿ ಬೇಗ ಮನೆಗೆ ಮರಳಿದನಷ್ಟೇ ಅಲ್ಲ, ಬಂಧುಗಳ ಭಯವೂ ಅಳಿಯಿತು. ಬಡತನದಿಂದ ಹುಟ್ಟಿದ ಏರ್ಪಾಡು ಶಾಸ್ತ್ರವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಣೆನು.

ಮುಂದಿನ ಹೆಜ್ಜೆ, ಆಸ್ಪತ್ರೆಯೇ ಹಳ್ಳಿಗೆ ಹೋದದ್ದು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಿದ್ದು 1985ರಿಂದ ನಮ್ಮ ಬಳ್ಳಾರಿಯಲ್ಲಿ. ಸುಮಾರು 20 ಲಕ್ಷ ಜನರಿದ್ದ ಆ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ನಿಮ್ಹಾನ್ಸ್ ತರಬೇತಿ ಕೊಟ್ಟಿತು. ಚಿತ್ತವಿಕಾರಕ್ಕೂ ಮೂರ್ಛೆಗೂ ಅಲ್ಲಿಯೇ ಮದ್ದು ಸಿಗುವಂತಾಯಿತು. 1996ರಿಂದ ದೇಶದ ಜಿಲ್ಲೆಗಳಿಗೆ ಹರಡತೊಡಗಿದ ಯೋಜನೆಗೆ ಬಳ್ಳಾರಿಯೇ ಮಾದರಿ. ದಕ್ಷಿಣ ಕನ್ನಡದಲ್ಲಿಯೂ ಇಂದು ಅದು ನಡೆದಿದೆ.

ವ್ಯಸನದ ವಿಷಯ ಬಂದಾಗ ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳನ್ನು ನೆನೆಯದಿರಲಾಗದು. ಕಾಣಿಕೆಯ ಬದಲು ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡುವ ‘ಮಹಾಂತ ಜೋಳಿಗೆ’ಯನ್ನು ಅವರು 1975ರಲ್ಲಿ ಹಿಡಿದರು, 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕರಾವಳಿಯಲ್ಲಿ ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳು ಇದೇ ಕಾರ್ಯ ಮಾಡುತ್ತಿವೆ. ಆದರೂ ಭಕ್ತರು ಒಂದನ್ನು ತಿಳಿದಿರಬೇಕು: ಬಹುವರ್ಷ ವಿಪರೀತ ಕುಡಿದವನು ಸಂಕಲ್ಪ ಮಾಡಿ ಥಟ್ಟನೆ ಬಿಟ್ಟರೆ ಎರಡು ಮೂರು ದಿನಗಳೊಳಗೆ ಸೆಳೆತ, ಭ್ರಮೆ, ಪ್ರಾಣಾಪಾಯವೂ ಬರಬಹುದು. ಆ ದಿನಗಳಲ್ಲಿ ಸಂಕಲ್ಪದ ಪಕ್ಕದಲ್ಲಿ ವೈದ್ಯರಿರಬೇಕು.

ಆಯುಷ್ಯದ ಒಂದೊಂದು ಘಟ್ಟಕ್ಕೂ ಅದರದೇ ಆದ ತೊಡಕುಗಳಿವೆ. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದೆ ಹುಟ್ಟಿದ ಶಿಶುವಿಗೆ ಮೊದಲ ವಾರಗಳಲ್ಲಿಯೇ ಗುಳಿಗೆ ಕೊಟ್ಟರೆ ಬುದ್ಧಿಮಾಂದ್ಯವನ್ನೇ ತಪ್ಪಿಸಬಹುದು. ಬಾಣಂತಿಯ ಉನ್ಮಾದ ಭಯಂಕರವಾಗಿ ಕಂಡರೂ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ವೃದ್ಧಾಪ್ಯದ ಮರೆಗುಳಿತನಕ್ಕೆ ಪೂರ್ಣ ಗುಣ ಇನ್ನೂ ಇಲ್ಲ. ಅಲ್ಲಿ ನಾವು ಮುಲ್ಲರರ 1890ರ ಸ್ಥಿತಿಯಲ್ಲಿಯೇ ಇದ್ದೇವೆ, ಮದ್ದಿಗೆ ಮೊದಲು ಶುಶ್ರೂಷೆ.

ಕಾಯಿದೆಯೂ ಮಾನವೀಯವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟಕೂಡದೆನ್ನುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮನೋವೇದನೆಗೆ ಒಳಗಾದವರೆಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ. ಮಂಗಳೂರಿನಲ್ಲಿ ಈಗ ಸರಕಾರಿ ಆಸ್ಪತ್ರೆಯಲ್ಲಿಯೂ, ಕಂಕನಾಡಿಯಲ್ಲಿ ಮುಲ್ಲರರ ಹೆಸರಿನ ಆಸ್ಪತ್ರೆಯಲ್ಲಿಯೂ ಮನೋವೈದ್ಯರು ರೋಗಿಗಳನ್ನು ನೋಡುತ್ತಾರೆ. ಅಷ್ಟು ದೂರ ಬರಲಾರದವರು 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ ಅದು. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.