ಬೆಟಗೇರಿಯ ಜರ್ಮನ್ ಗೋರಿಗಳು

ಈ ಸಲ ದೀಪಾವಳಿಗೆ ಊರಿಗೆ ಹೋದಾಗ, ಒಂದು ಮಧ್ಯಾಹ್ನ ಮನೆಯಲ್ಲಿ ಕೂತು ಬೇಜಾರಾಗಿ ಬೆಟಗೇರಿಯ ಹಳೇ ಕ್ರಿಶ್ಚಿಯನ್ ಸ್ಮಶಾನದ ಕಡೆ ನಡೆದೆ. ನಮ್ಮೂರಲ್ಲಿ 'ಜರ್ಮನ್ ದವಾಖಾನಿ' ಅಂದರೆ ಸಣ್ಣ ಮಕ್ಕಳಿಗೂ ಗೊತ್ತು. ನಮ್ಮಪ್ಪ ಹುಟ್ಟಿದ್ದೂ ಅಲ್ಲೇ. ಆದರೆ ಜರ್ಮನ್ನರಿಗೆ ಬೆಟಗೇರಿಯಲ್ಲಿ ಏನು ಕೆಲಸವಿತ್ತು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಒಳಗೆ ಬರೀ ಜಾಲಿ ಮುಳ್ಳು, ಸೊಂಟದ ಮಟ್ಟ ಕಾಂಗ್ರೆಸ್ ಕಸ. ಮೂಲೆಯಲ್ಲಿ ಆಡು ಮೇಯಿಸುತ್ತಿದ್ದ ಅಜ್ಜ ಕೇಳಿದರು, "ಯಾರನ್ನ ಹುಡಕಾಕತ್ತೀರಿ?"

"ಸುಮ್ನ ನೋಡಾಕ ಬಂದೀನ್ರಿ ಅಜ್ಜಾರ."

"ಹುಳಾ-ಹುಪ್ಪಡಿ ಇರ್ತಾವು, ನೋಡ್ಕೊಂತ ಕಾಲಿಡ್ರಿ."

ಕಲ್ಲುಗಳ ಮೇಲಿನ ಅಕ್ಷರ ಸವೆದಿವೆ. ಕೆಲವು ಗೋರಿಗಳು ತೀರಾ ಚಿಕ್ಕವು, ಎರಡು ಮೊಳವೂ ಇಲ್ಲ.

ಮನೆಗೆ ಬಂದು ಓದುತ್ತಾ ಹೋದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಶುರುವಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯವರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ. ಅದೇ ಹೊತ್ತಿಗೆ ಪಕ್ಕದ ಮಲ್ಲಸಮುದ್ರದಲ್ಲಿ ಕ್ರೈಸ್ತರಾದವರಿಗಾಗಿ ಒಕ್ಕಲುತನದ ಊರೊಂದನ್ನು ಕಟ್ಟಲು ನೋಡಿದರು, ಅದು ಕೈಗೂಡಲಿಲ್ಲ. ಆಗ ಇಲ್ಲಿ ರೈಲಿಲ್ಲ. ಕಾಲರಾ, ಜ್ವರ, ಬಾಣಂತನ... ಯಾವುದಕ್ಕೂ ಸರಿಯಾದ ಮದ್ದಿಲ್ಲ. ಬದುಕಿ ಉಳಿದ ಮಕ್ಕಳೂ ಅಪ್ಪ-ಅಮ್ಮನ ಹತ್ತಿರ ಬೆಳೆಯಲಿಲ್ಲ. 1853ರಿಂದ ಅವರನ್ನು ಓದಿಗೆಂದು ಚಿಕ್ಕ ವಯಸ್ಸಿನಲ್ಲೇ ಬಾಸೆಲ್‌ಗೆ ಕಳಿಸುವ ನಿಯಮ ಬಂತು. ಮತ್ತೆ ಮುಖ ನೋಡಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಅವರ ಧರ್ಮಪ್ರಚಾರದ ಬಗ್ಗೆ ನನಗೆ ತಕರಾರುಗಳಿವೆ, ಆದರೆ ಆ ಚಿಕ್ಕ ಗೋರಿಗಳ ಮುಂದೆ ಅದನ್ನು ಎತ್ತಲು ಮನಸ್ಸಾಗಲಿಲ್ಲ.

ಅದೇ 1853ರಲ್ಲಿ ಬಂದ ಕಿಟೆಲ್ ನಮಗೆಲ್ಲ ಗೊತ್ತು. 1894ರಲ್ಲಿ ನಿಘಂಟು ಕೊಟ್ಟರು, 1903ರಲ್ಲಿ ತ್ಯೂಬಿಂಗನ್‌ನಲ್ಲಿ ತೀರಿಕೊಂಡರು. ತಾಯ್ನಾಡಿನಲ್ಲಿ ಮಣ್ಣಾದ ಅವರಿಗೆ ಬೆಂಗಳೂರಲ್ಲಿ ಪ್ರತಿಮೆಯಿದೆ. ಇಲ್ಲೇ ಮಣ್ಣಾದವರ ಮೇಲೆ ಜಾಲಿ ಬೆಳೆದಿದೆ. 1914ರಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನ್ ಮಿಶನರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ಅವರನ್ನು ಶಿಬಿರಗಳಲ್ಲಿಟ್ಟು, ಆಮೇಲೆ ದೇಶ ಬಿಡಿಸಿದರು. ಗೋರಿಗಳು ಮಾತ್ರ ಇಲ್ಲೇ ಉಳಿದವು.

ನಮ್ಮದು ಲಿಂಗವಂತರ ಮನೆ, ನಮ್ಮಲ್ಲೂ ಹೂಳುವುದೇ ಪದ್ಧತಿ. ಅಜ್ಜನ ಮಣ್ಣಿಗೆ ಹೋದಾಗ ನನಗೆ ಆರು ವರ್ಷ. ಯಾರದೋ ಕಲ್ಲು ಓದಲು ಬಿಸಿಲಲ್ಲಿ ಅರ್ಧ ದಿನ ಕಳೆದವನಿಗೆ ಸ್ವಂತ ಅಜ್ಜನ ಕುಣಿ ಎಲ್ಲಿದೆ ಅಂತಲೇ ಗೊತ್ತಿಲ್ಲವಲ್ಲ ಅನ್ನಿಸಿ ನಾಚಿಕೆಯಾಯಿತು. ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ.

"ಬೇವಿನ ಗಿಡದ ಬುಡಕ್ಕ ಇತ್ತಪಾ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಗಿಡಾ ಕಡದು ಭಾಳ ವರ್ಷ ಆತು."

ಮರುದಿನ ಬೆಳಿಗ್ಗೆ ಇಬ್ಬರೂ ಹೋಗಿ ಹುಡುಕಿದೆವು. ಸಿಗಲಿಲ್ಲ.